ಕೊನೆಯ ಪಾಯಿಂಟಿನ ದೀಪ

ಗಣೇಶ ಚೌತಿ ಇನ್ನೂ ತಿಂಗಳಿದೆ ಎನ್ನುವಾಗಲೇ ನಮ್ಮ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಗಳಲ್ಲಿ ಮನೆಮನೆಗೂ ಐದು ದಿನದ ಗಣಪತಿ. ಗಣಪತಿಯ ಮುಂದೆ ಏನಾದರೊಂದು ದೃಶ್ಯ ಕಟ್ಟಿ ನಿಲ್ಲಿಸದಿದ್ದರೆ ಆ ಮನೆಯವರು ಕೈಲಾಗದವರು ಎಂದೇ ಅರ್ಥ. ಕೆಲವರು ಕೈಲಾಸ ಕಟ್ಟುತ್ತಿದ್ದರು, ಕೆಲವರು ಹತ್ತಿಯ ಹಿಮಾಲಯ ಹರವುತ್ತಿದ್ದರು. ನಮ್ಮ ಅಪ್ಪನಿಗೆ ದೇವಲೋಕದ ಮೇಲೆ ಅಷ್ಟು ಆಸೆ ಇರಲಿಲ್ಲ, ಅವನು ಕಣ್ಣಾರೆ ಕಂಡದ್ದನ್ನೇ ಕಟ್ಟುವವನು. ಒಂದು ವರ್ಷ ಗೋಳಗುಮ್ಮಟ ಕಟ್ಟಿದ. ಇನ್ನೊಂದು ವರ್ಷ ನೀರು ಹರಿಯುವ ಆಣೆಕಟ್ಟು ಕಟ್ಟಿದ. ಅದು ಒಡೆದು ನೀರೆಲ್ಲ ಅವ್ವನ ಜೋಳದ ಹಿಟ್ಟಿನ ಡಬ್ಬಿಗೆ ನುಗ್ಗಿತು. ಅವ್ವ ಆ ಹಿಟ್ಟನ್ನು ಬಿಸಿಲಿಗೆ ಹರವಿ ಒಣಗಿಸಿ, ಅದರದ್ದೇ ರೊಟ್ಟಿ ಬಡಿದು, ಅಪ್ಪನಿಗೊಬ್ಬನಿಗೇ ಬಡಿಸಿದಳು. ಅಪ್ಪ ಸುಮ್ಮನೆ ತಿಂದ. ರುಚಿ ಕೆಟ್ಟದ್ದು ಅವನಿಗೆ ಗೊತ್ತೇ ಆಗಲಿಲ್ಲ, ಏಕೆಂದರೆ ಅವನ ತಲೆ ಅಷ್ಟರಲ್ಲಿ ಮುಂದಿನ ವರ್ಷದ ಗಣಪತಿಗೆ ಹೋಗಿಬಿಟ್ಟಿತ್ತು.

ನಮ್ಮದು ಕೂತಲ್ಲಿ ಕೂರದವರ ಮನೆ. ಅಪ್ಪ ತಿಕೋಟಾದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಸಂಜೆಯ ಬಸ್ಸಿಳಿದು ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಕೈಗೆ ಇಕ್ಕಳ ಬರುತ್ತಿತ್ತು. ಅವ್ವ ಕಳ್ಳಕವಟಗಿಯ ಒಕ್ಕಲುತನದ ಮನೆಯವಳು. ಹೊಲದಲ್ಲಿ ದುಡಿದ ಅವಳ ಕೈಗಳಿಗೆ ನಮ್ಮ ಎರಡು ಕೋಣೆ, ಒಂದು ಪಡಸಾಲೆ ಸಾಲುತ್ತಿರಲಿಲ್ಲ. ಒರೆಸಿದ್ದನ್ನೇ ಒರೆಸುತ್ತಿದ್ದಳು, ಬೆಳಗಿದ ತಂಬಿಗೆಯನ್ನೇ ಮತ್ತೆ ಬೆಳಗುತ್ತಿದ್ದಳು. ಅಜ್ಜನಿಗೆ ಇದ್ದದ್ದು ಒಂದೇ ಪಾದ. ಆದರೂ ಊರುಗೋಲು ಹಿಡಿದುಕೊಂಡು ಕಟ್ಟೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಕಟ್ಟೆಗೆ ದಿನವಿಡೀ ತಿರುಗುತ್ತಿದ್ದ. ಗೋಲಿನ ಸದ್ದು ಸ್ವಲ್ಪ ಹೊತ್ತು ನಿಂತರೂ ಆಯಿ, ಅಂದರೆ ಅಪ್ಪನ ತಾಯಿ, ಒಲೆಯ ಮುಂದಿನಿಂದ ಎದ್ದು ಬಂದು ಇಣುಕುತ್ತಿದ್ದಳು. ಇವರ ನಡುವೆ ನಾನೊಬ್ಬಳೇ ಮಗಳು. ನನ್ನ ಕಾಲು ನಿಲ್ಲುತ್ತಿರಲಿಲ್ಲ, ಬಾಯಿಯೂ ನಿಲ್ಲುತ್ತಿರಲಿಲ್ಲ. ಒಂದು ಪ್ರಶ್ನೆ ತಲೆಗೆ ಹೊಕ್ಕರೆ ಉತ್ತರ ಸಿಗುವ ತನಕ ಊಟ ಸೇರುತ್ತಿರಲಿಲ್ಲ. ವಯಸ್ಸಾದ ಮೇಲೆ ಕಡಿಮೆಯಾಗುತ್ತದೆ ಎಂದು ಎಲ್ಲರೂ ಹೇಳಿದ್ದರು, ಆಗಿಲ್ಲ. ಈ ಚಡಪಡಿಕೆ ಎಲ್ಲಿಂದ ಅಂಟಿಕೊಂಡಿತು ಎಂದು ಹುಡುಕುತ್ತ ಹೋದರೆ ನಾನು ಯಾವಾಗಲೂ ಅಪ್ಪ ಪಡಸಾಲೆಯಲ್ಲಿ ರೈಲ್ವೆ ಸ್ಟೇಷನ್ನು ಕಟ್ಟಿದ ವರ್ಷಕ್ಕೇ ಬಂದು ನಿಲ್ಲುತ್ತೇನೆ.

ಅಜ್ಜ ರೈಲ್ವೆಯಲ್ಲಿ ಪೋರ್ಟರ್ ಆಗಿದ್ದ. ಮೀಟರ್ ಗೇಜಿನ ಸಣ್ಣ ಹಳಿಯ ಕಾಲದ ಒಂದು ಪುಟ್ಟ ಸ್ಟೇಷನ್ನು. ಹೆಸರು ಬೇಡ, ಈಗ ಅಲ್ಲಿ ಗಾಡಿ ನಿಲ್ಲುವುದೂ ಇಲ್ಲ. ಅಪ್ಪ ಹುಟ್ಟಿ ಬೆಳೆದದ್ದು ಆ ಸ್ಟೇಷನ್ನಿನ ಪಕ್ಕದ ಕ್ವಾರ್ಟರ್ಸಿನಲ್ಲಿ. ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುತ್ತಾರೆ ಎಂಬ ಸುದ್ದಿ ಹಬ್ಬಿದ್ದೇ ತಡ, ಅಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ. ಈ ಸಲದ ಗಣಪತಿಗೆ ಆ ಸ್ಟೇಷನ್ನೇ, ಅದರ ಹಳಿಗಳೇ, ಅವೂ ತಾನು ಹತ್ತನೇ ಇಯತ್ತೆ ಓದುತ್ತಿದ್ದಾಗಿನ ಸಂಜೆಯ ಹೊತ್ತಿನಲ್ಲಿ ಹೇಗಿದ್ದವೋ ಹಾಗೆ ಎಂದು ಗೊತ್ತುಮಾಡಿಬಿಟ್ಟ. ಮುರಿದ ಛತ್ರಿಗಳ ಕಡ್ಡಿ ಹಳಿಗಳಾದವು. ಕಡ್ಡಿಪೆಟ್ಟಿಗೆಗಳಿಗೆ ಮಣ್ಣಿನ ಬಣ್ಣ ಬಳಿದು ಗೂಡ್ಸ್ ಡಬ್ಬಿ ಮಾಡಿದೆವು. ಅವ್ವನ ಕಸಬರಿಗೆ ದಿನದಿನಕ್ಕೆ ತೆಳ್ಳಗಾಗುತ್ತ ಹೋಗಿ ಸಿಗ್ನಲ್ ಕಂಬಗಳು ಎದ್ದು ನಿಂತವು. ಅವ್ವ ಅಪ್ಪನೊಂದಿಗೆ ಮಾತು ಬಿಟ್ಟು, ಹೇಳುವುದನ್ನೆಲ್ಲ ಗೋಡೆಗೆ ಹೇಳತೊಡಗಿದಳು.

ನಿಜವಾದ ಜಗಳ ಶುರುವಾದದ್ದು ದೀಪಗಳಿಂದ. ಆ ಕಾಲಕ್ಕೆ ಅಲ್ಲಿ ಕರೆಂಟು ಇರಲಿಲ್ಲ. ಎಲ್ಲವೂ ಸೀಮೆಎಣ್ಣೆಯ ದೀಪ. ಹಾಗಾಗಿ ಓಣಿಯ ಮನೆಗಳಲ್ಲೆಲ್ಲ ಮಿಣುಕುವ ಬಣ್ಣದ ಸರವನ್ನು ಅಪ್ಪ ಹೊಸ್ತಿಲೊಳಗೆ ಬಿಟ್ಟುಕೊಳ್ಳಲಿಲ್ಲ. ಸೊಲ್ಲಾಪುರದಿಂದ ಗೋಧಿಕಾಳಿನಷ್ಟು ಸಣ್ಣ ಬಲ್ಬುಗಳನ್ನು ತರಿಸಿದ. ಅವು ಬೆಳ್ಳಗೆ ಉರಿದವು. ಸೀಮೆಎಣ್ಣೆ ಹೀಗೆ ಉರಿಯುವುದಿಲ್ಲ ಎಂದು ಒಂದು ಸೆಲ್ಲು ಕಡಿಮೆ ಮಾಡಿದ. ಆಗ ಅವು ಕೆಂಪಗೆ, ಸಣ್ಣಗೆ, ನಿದ್ದೆಗಣ್ಣಿನಲ್ಲಿದ್ದ ಹಾಗೆ ಉರಿದವು. ಅಪ್ಪನಿಗೆ ಅಷ್ಟೂ ಸಾಲದು. ವಾರ್ನೀಷಿನಲ್ಲಿ ಅರಿಶಿನ ಕಲಸಿ ಒಂದೊಂದಕ್ಕೂ ಬಳಿದ. ಚಾಕಲೇಟಿನ ಕೆಂಪು, ಹಸಿರು ಕಾಗದವನ್ನು ಕತ್ತರಿಸಿ ಸಿಗ್ನಲ್ಲಿನ ಕಣ್ಣು ಮಾಡಿದ. ತಂತಿ ಎಳೆಯುವುದು, ಬೆಸುಗೆ ಹಾಕುವುದು ಪೂರ್ತಿ ನನ್ನ ಕೆಲಸ. ಅಪ್ಪನ ದಪ್ಪ ಬೆರಳು ಆ ಕಂಬಗಳ ನಡುವೆ ಹೋಗುತ್ತಿರಲಿಲ್ಲ. ಹೋದರೂ ಎರಡು ಕಂಬ ಕೆಡವಿಯೇ ಹೊರಬರುತ್ತಿತ್ತು. ನಾನು ಹೊಟ್ಟೆಯ ಮೇಲೆ ಮಲಗಿಕೊಂಡು ಸ್ಟೇಷನ್ನಿನ ಅಡಿಯಲ್ಲಿ ತಂತಿ ಹೊಂದಿಸುತ್ತಿದ್ದರೆ ಮೇಲಿನಿಂದ ಅವನ ಮಾತು ನಿಲ್ಲದೆ ಬೀಳುತ್ತಿತ್ತು. ಆಗಿನ ದೀಪ ಬೆಳಕು ಚೆಲ್ಲಲಿಕ್ಕಲ್ಲ, ದೂರದವನಿಗೆ ತಾನಿರುವುದನ್ನು ತೋರಿಸಲಿಕ್ಕೆ. ಅದಕ್ಕೇ ದೀಪದ ಸುತ್ತ ಕತ್ತಲೆ ಇರಲೇಬೇಕು ಎನ್ನುತ್ತಿದ್ದ. ಎಲ್ಲವನ್ನೂ ಒಮ್ಮೆ ಹಚ್ಚಿ ನೋಡಿದ ದಿನ ಪಕ್ಕದ ಮನೆಯ ಶಾಂತಾಬಾಯಿ ಬಾಗಿಲಲ್ಲಿ ನಿಂತು, ನಿಮ್ಮಲ್ಲಿ ಅಷ್ಟೇ ಕರೆಂಟು ಹೋಗಿದೆಯೇ ಎಂದು ಕೇಳಿದಳು. ಅವ್ವ ಗೋಡೆಗೆ ಹೇಳಿದಳು: ಗಣಪತಿಯನ್ನು ಕತ್ತಲಲ್ಲಿ ಕೂರಿಸುವ ಮನೆ ಇಡೀ ಊರಿಗೆ ಇದೊಂದೇ.

ಆ ದೀಪಗಳಲ್ಲಿ ಒಂದು ಉಳಿದವುಗಳ ಹಾಗಿರಲಿಲ್ಲ. ಹಳಿ ಕವಲೊಡೆಯುವ ಜಾಗಕ್ಕೆ ರೈಲ್ವೆಯವರು ಪಾಯಿಂಟು ಎನ್ನುತ್ತಾರೆ. ಸ್ಟೇಷನ್ನಿನ ತುದಿಯಲ್ಲಿ, ಗೂಡ್ಸ್ ಡಬ್ಬಿಗಳನ್ನು ತಳ್ಳಿ ನಿಲ್ಲಿಸುವ ಕಡೆ, ಕೊನೆಯ ಪಾಯಿಂಟಿನ ಪಕ್ಕ ನೆಲಮಟ್ಟದಲ್ಲಿ ಒಂದು ಡಬ್ಬಿದೀಪ ಇರುತ್ತಿತ್ತು. ಹಳಿ ನೇರಕ್ಕೆ ಇದ್ದರೆ ಅದು ಒಂದು ಬಣ್ಣ ತೋರಿಸುವುದು, ಅಡ್ಡಕ್ಕೆ ತಿರುಗಿದ್ದರೆ ಇನ್ನೊಂದು. ಅಪ್ಪನ ಹತ್ತನೇ ಇಯತ್ತೆಯ ವರ್ಷ ಅಜ್ಜನ ಪಾದ ಹೋದದ್ದು ಆ ಪಾಯಿಂಟಿನಲ್ಲಿಯೇ. ಹೊತ್ತು ಮುಳುಗಿದ ಮೇಲೆ ಗೂಡ್ಸ್ ಡಬ್ಬಿಯೊಂದನ್ನು ತಳ್ಳಿ ಬಿಟ್ಟಿದ್ದರಂತೆ. ಅದು ಆಚೆ ಹಳಿಗೆ ಹೋಗುತ್ತದೆಂದು ತಿಳಿದು ಅಜ್ಜ ಈಚೆ ಹಳಿ ದಾಟಲು ಕಾಲಿಟ್ಟ; ಅದು ಈಚೆಗೇ ಬಂತು. ಆಮೇಲೆ ರೈಲ್ವೆಯವರು ಅವನನ್ನು ಸ್ಟೇಷನ್ನಿನಲ್ಲಿ ಪ್ರಯಾಣಿಕರಿಗೆ ನೀರು ಕೊಡುವ ಹರವಿಯ ಹತ್ತಿರ ಕೂರಿಸಿ ನೌಕರಿ ಮುಗಿಯುವ ತನಕ ನೋಡಿಕೊಂಡರು. ಕೇಳಿದವರಿಗೆಲ್ಲ ಅಜ್ಜ ಒಂದೇ ಮಾತು ಹೇಳುತ್ತಿದ್ದ: ಗಾಳಿ ಬಿಟ್ಟಿತ್ತು, ದೀಪ ಆರಿತ್ತು, ಕಾಣಲಿಲ್ಲ. ಊರ ಬಾಯಿ ಬೇರೆ ಹೇಳುತ್ತಿತ್ತು. ದೀಪ ಚೆನ್ನಾಗಿಯೇ ಉರಿಯುತ್ತಿತ್ತು, ಇವನೇ ಕುಡಿದು ತೂರಾಡುತ್ತಿದ್ದ ಎಂದು. ಅಲ್ಲಿ ಅಜ್ಜನ ಜೊತೆ ಇದ್ದವನು ಇನ್ನೊಬ್ಬ ಪೋರ್ಟರ್, ಲಗಮಣ್ಣ, ಅವನೊಬ್ಬನೇ. ಅವನು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಒಂದೇ ತಾಟಿನಲ್ಲಿ ಉಂಡವರು ಅಂದಿನಿಂದ ಮಾತು ಬಿಟ್ಟರು. ನಾನು ಶಾಲೆಯಲ್ಲಿ ಯಾರೊಂದಿಗಾದರೂ ಜಗಳ ತೆಗೆದರೆ ಅವರ ಕೊನೆಯ ಕಲ್ಲು ಯಾವಾಗಲೂ ಇದೇ ಆಗಿರುತ್ತಿತ್ತು, ಕುಡುಕ ಕುಂಟನ ಮೊಮ್ಮಗಳು. ಆ ಮಾತಿಗೆ ನಾನು ಕಚ್ಚಿದ್ದೂ ಉಂಟು.

ಹಬ್ಬ ಹತ್ತಿರ ಬಂದಾಗ ಅಪ್ಪ ಗುಜರಿ ಅಂಗಡಿಯಿಂದ ಒಂದು ಹಳೆಯ ರೈಲ್ವೆ ದೀಪ ಹೊತ್ತು ತಂದ. ನಮ್ಮ ಸಣ್ಣ ಡಬ್ಬಿದೀಪಗಳ ಆಕಾರ ಸರಿಯಾಗಿ ಬರಲಿ ಎಂಬುದು ಅವನ ಆಸೆ. ಅಷ್ಟಕ್ಕೆ ಬಿಡದೆ ಅದನ್ನು ತೊಳೆದು, ಬತ್ತಿ ಹಾಕಿ, ಎಣ್ಣೆ ತುಂಬಿ ಹಚ್ಚಿದ. ಸಂಜೆಯಾಗಿತ್ತು. ನನ್ನನ್ನು ಕರೆದುಕೊಂಡು ಮಾಳಿಗೆ ಹತ್ತಿದ. ನಮ್ಮ ಕಡೆ ಆ ತಿಂಗಳ ಗಾಳಿ ಎಂದರೆ ಒಣಹಾಕಿದ ಸೀರೆ ಮೂರನೇ ಮನೆಯ ಮೇಲೆ ಸಿಗುತ್ತದೆ. ಅಂಥ ಗಾಳಿಯಲ್ಲಿ ಅಪ್ಪ ದೀಪವನ್ನು ಹಿಡಿದು ನಿಂತ. ಅದು ಅಲುಗಲಿಲ್ಲ. ಗಾಳಿಗೆ ಎದುರಾಗಿ ಹಿಡಿದ, ಮೇಲೆತ್ತಿದ, ಬೀಸಿದ. ಒಳಗೆ ಒಂದರೊಳಗೊಂದು ತಗಡಿನ ಗೂಡು. ಬತ್ತಿ ತನ್ನ ಪಾಡಿಗೆ ತಾನು ಉರಿಯುತ್ತಲೇ ಇತ್ತು. ಮೊದಮೊದಲು ಅಪ್ಪ ಹುಡುಗರ ಹಾಗೆ ಹಿಗ್ಗುತ್ತಿದ್ದ. ಆಮೇಲೆ ಅವನ ಕೈ ನಿಂತಿತು. ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಲಿಲ್ಲ. ಇಬ್ಬರಿಗೂ ಒಂದೇ ಲೆಕ್ಕ ಒಟ್ಟಿಗೇ ಹೊಳೆದಿತ್ತು. ಈ ದೀಪ ಗಾಳಿಗೆ ಆರುವುದಿಲ್ಲ ಎಂದಾದರೆ ಅಂದು ಅದು ಉರಿಯುತ್ತಿತ್ತು. ಉರಿಯುತ್ತಿತ್ತು ಎಂದಾದರೆ ಊರವರು ಹೇಳುವುದೇ ಖರೆ. ಕೆಳಗೆ ಕಟ್ಟೆಯ ಮೇಲೆ ಗೋಲಿನ ಸದ್ದು ಬಹಳ ಹೊತ್ತಿನಿಂದ ನಿಂತಿತ್ತು. ಅಜ್ಜ ಕತ್ತೆತ್ತಿ ನಮ್ಮನ್ನೇ ನೋಡುತ್ತಿದ್ದ.

ಮರುದಿನ ಸಂಜೆ ನಾವು ಪಡಸಾಲೆಯ ಕಿಟಕಿಗೆ ಕಂಬಳಿ ಕಟ್ಟಿ ದೀಪ ಹಚ್ಚಿ ನೋಡುತ್ತಿದ್ದೆವು. ಆ ತನಕ ಸ್ಟೇಷನ್ನಿನ ಹತ್ತಿರವೂ ಸುಳಿಯದಿದ್ದ ಅಜ್ಜ ಬಂದು ನಿಂತ. ಗೋಲಿನ ತುದಿಯಿಂದ ಕೊನೆಯ ಪಾಯಿಂಟನ್ನು ತೋರಿಸಿದ.

"ಅದೊಂದು ಹಚ್ಚಬ್ಯಾಡ."

"ಸಂಜೀ ಗಾಡಿ ಹೊತ್ತಿಗೆ ಎಲ್ಲಾ ದೀಪ ಹಚ್ಚಿರತಿದ್ರು. ಇದೊಂದ ಯಾಕ ಬಿಡಬೇಕು?" ಅಪ್ಪ ತಲೆ ಎತ್ತದೆ ಕೇಳಿದ.

"ಗಾಳಿಗೆ ಆರಿತ್ತು ಅಂತ ಹೇಳೇನಲ್ಲ."

"ಗಾಳಿಗೆ ಆರೂ ದೀಪ ಅಲ್ಲ ಅದು, ಯಪ್ಪಾ. ನಿನ್ನೆ ನೋಡೇನಿ."

ಅಜ್ಜ ಗೋಲಿನ ತುದಿ ಕೆಳಗಿಳಿಸಿದ. ಗೋಲೂರಿಕೊಂಡು ಹೊರಗೆ ಹೋದ. ಅಂದಿನಿಂದ ಅವನ ತಾಟು ಕಟ್ಟೆಗೇ ಹೋಗತೊಡಗಿತು. ಅಪ್ಪನೂ ಒಳಗೆ ಸರಿಯಾಗಿ ಉಣ್ಣಲಿಲ್ಲ. ರೊಟ್ಟಿ ಮುರಿದು ಶೇಂಗಾ ಚಟ್ನಿಯಲ್ಲಿ ಅದ್ದಿ, ಹಾಗೇ ಕೈಯಲ್ಲಿ ಹಿಡಿದು ಕೊನೆಯ ಪಾಯಿಂಟನ್ನೇ ನೋಡುತ್ತ ಕೂರುತ್ತಿದ್ದ. ಅವ್ವ ಮಾತ್ರ ಈ ಒಂದು ವಿಷಯದಲ್ಲಿ ಅಪ್ಪನ ಕಡೆಗೆ ನಿಂತಳು, ಬೇರೆಯದೇ ಕಾರಣಕ್ಕೆ. ದೇವರ ಮುಂದೆ ಹಚ್ಚದ ದೀಪ ಇಡುವುದು ಮನೆಗೆ ಒಳ್ಳೆಯದಲ್ಲ ಎಂದು ಅವಳ ತಕರಾರು. ಆಯಿ ಇದಕ್ಕೆ ಹೌದು ಅನ್ನಬೇಕಿತ್ತು. ಸಂಜೆ ದೇವರಿಗೆ ದೀಪ ಹಚ್ಚುವ ಮೊದಲು ಯಾರಿಗೂ ಒಂದು ಹನಿ ನೀರು ಕೊಡದ ಹೆಂಗಸು ಅವಳು. ದೀಪ ಆರಿತು ಎಂಬ ಮಾತನ್ನೇ ಆಡಗೊಡದೆ, ಶಾಂತವಾಯಿತು ಅನ್ನಿರಿ ಎಂದು ತಿದ್ದುವವಳು. ಆದರೆ ಅವಳು, ಆ ದೀಪ ಹಚ್ಚದಿದ್ದರೆ ಏನೂ ಆಗುವುದಿಲ್ಲ, ಬಿಡಿ ಎಂದಳು. ನನಗೆ ಆಶ್ಚರ್ಯವಾಯಿತು. ಅವ್ವನಿಗೆ ಸಿಟ್ಟು ಬಂತು. ಇಷ್ಟು ವರ್ಷ ತನಗೊಂದು ಶಾಸ್ತ್ರ, ಇವತ್ತು ಇನ್ನೊಂದು ಶಾಸ್ತ್ರವೇ ಎಂದು ಗೋಡೆಗೆ ಕೇಳಿದಳು.

ಆ ದಿನಗಳಲ್ಲಿ ನಾನು ಎಷ್ಟು ತಿರುಗಿದೆನೋ ನನಗೇ ಗೊತ್ತಿಲ್ಲ. ಪಡಸಾಲೆಯಲ್ಲಿ ಒಂದು ಗಳಿಗೆ ಕೂರುವುದು, ಕಟ್ಟೆಗೆ ಓಡುವುದು, ಅಜ್ಜನ ಮುಂದೆ ನಿಂತು ಬಾಯಿ ತೆರೆಯುವುದು, ಏನೂ ಕೇಳದೆ ಮತ್ತೆ ಒಳಗೆ ಓಡುವುದು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಒಂದೇ ಕಾಲಿನಲ್ಲಿ ಕುಣಿಯುತ್ತೇನೆಂದು ಹೆದರಿಸುತ್ತಿದ್ದ ಅಜ್ಜ ಅವನು. ನೀನು ಕುಡಿದಿದ್ದೆಯಾ ಎಂದು ಅವನನ್ನು ಹೇಗೆ ಕೇಳಲಿ? ಕೇಳದೆ ಹೇಗೆ ಇರಲಿ? ಹೌದು ಎಂದುಬಿಟ್ಟರೆ ನಾನು ಕಚ್ಚಿದ ಕೈಗಳಿಗೆಲ್ಲ ಏನು ಹೇಳಲಿ? ಅಪ್ಪನ ಒಳಗೂ ಇದೇ ಕುದಿಯುತ್ತಿತ್ತು ಎಂದು ಕಾಣುತ್ತದೆ. ಅವನು ದೊಡ್ಡವನು, ಅವನ ಬಳಿ ದೊಡ್ಡವರ ಉಪಾಯ ಇತ್ತು. ಬಬಲೇಶ್ವರದಿಂದ ತಿಕೋಟಾಕ್ಕೆ ಬರುವ ಒಬ್ಬ ಮಾಸ್ತರರ ಕೈಯಲ್ಲಿ ಲಗಮಣ್ಣನಿಗೆ ಹೇಳಿಕಳಿಸಿದ. ಲಗಮಣ್ಣ ನಿವೃತ್ತನಾಗಿ ಬಬಲೇಶ್ವರದಲ್ಲಿ ಮಗನ ಮನೆಯಲ್ಲಿದ್ದ. ಹಳೆಯ ಸ್ಟೇಷನ್ನು ಕಟ್ಟಿದ್ದೇನೆ, ದೀಪಗಳು ಸರಿಯಾಗಿವೆಯೇ ಎಂದು ಬಂದು ನೋಡಿ ಹೋಗಬೇಕು ಎಂದು ಕೇಳಿಕೊಂಡಿದ್ದ. ಈ ವಿಷಯ ಮನೆಯಲ್ಲಿ ನನಗೊಬ್ಬಳಿಗೇ ಹೇಳಿದ. ಯಾರಿಗೂ ಹೇಳಬೇಡ ಎಂದ.

ನಾನು ಆಯಿಗೆ ಹೇಳಿಬಿಟ್ಟೆ. ಗಣಪತಿ ಬರುವ ಹಿಂದಿನ ದಿನ ಅದು. ಆಯಿ ಅಡುಗೆಮನೆಯಲ್ಲಿ ಕಡುಬಿನ ಹೂರಣಕ್ಕೆ ಒಣಕೊಬ್ಬರಿ ಹೆರೆಯುತ್ತಿದ್ದಳು. ಲಗಮಣ್ಣ ಎಂಬ ಹೆಸರು ಕೇಳಿದ್ದೇ ಅವಳ ಕೈ ನಿಂತಿತು. ಅಪ್ಪನನ್ನು ಕರೆ ಎಂದಳು. ಅಪ್ಪ ಬಂದು ಬಾಗಿಲಲ್ಲಿ ನಿಂತ. ಯಾಕೆ ಕರೆಸಿದೆ ಅವನನ್ನು ಎಂದು ಆಯಿ ಕೇಳಿದಳು. ದೀಪ ನೋಡಲಿಕ್ಕೆ ಎಂದು ಅಪ್ಪ ಅಂದ. ಆಯಿ ಮತ್ತೆ ಕೊಬ್ಬರಿ ಕೈಗೆತ್ತಿಕೊಂಡಳು. ನಿನಗೆ ನಿಮ್ಮಪ್ಪ ಕುಡುಕನೋ ಅಲ್ಲವೋ ಗೊತ್ತಾಗಬೇಕು, ಅಲ್ಲವೇ ಎಂದಳು. 

"ಅವತ್ತ ಆ ದೀಪದಾಗ ಎಣ್ಣೀನ ಇದ್ದಿಲ್ಲ," ಎಂದಳು ಆಯಿ. "ಆ ಎಣ್ಣಿ ನಿನ್ನ ಪುಸ್ತಕದ ಮುಂದ ಉರೀತಿತ್ತು."

ಆಮೇಲೆ ಅವಳು ಕೊಬ್ಬರಿ ಹೆರೆಯುತ್ತಲೇ ಉಳಿದದ್ದನ್ನು ಹೇಳಿದಳು. ಅಪ್ಪನ ಹತ್ತನೇ ಇಯತ್ತೆಯ ವರ್ಷ ಸೀಮೆಎಣ್ಣೆ ಎಲ್ಲಿಯೂ ಸಿಗುತ್ತಿರಲಿಲ್ಲ. ಸಿಕ್ಕದ್ದು ಒಲೆ ಹೊತ್ತಿಸಲಿಕ್ಕೂ ಸಾಲುತ್ತಿರಲಿಲ್ಲ. ಮಗ ಕತ್ತಲಲ್ಲಿ ಪುಸ್ತಕ ಮುಚ್ಚಿಟ್ಟು ಮಲಗುವುದನ್ನು ಅಜ್ಜ ಕೆಲವು ದಿನ ನೋಡಿದ. ಸ್ಟೇಷನ್ನಿನ ದೀಪಗಳಿಗೆ ದಿನಾ ಎಣ್ಣೆ ಅಳೆದು ಕೊಡುತ್ತಿದ್ದರು, ಕೊನೆಯ ತುದಿಯ ದೀಪಗಳಿಗೆ ಹಾಕುವವನು ಅಜ್ಜನೇ. ಕೊನೆಯ ಪಾಯಿಂಟಿನ ಕಡೆ ಸಂಜೆಯ ಮೇಲೆ ಗಾಡಿ ಬರುವುದು ಅಪರೂಪ. ಆ ಒಂದು ದೀಪದ ಪಾಲು ಎಣ್ಣೆಡಬ್ಬಿಯ ತಳದಲ್ಲಿ ಉಳಿದು ಮನೆಗೆ ಬರತೊಡಗಿತು. ಅಂದು ಗೂಡ್ಸ್ ತಡವಾಗಿ ಬಂತು. ಪಾದ ಹೋದ ಮೇಲೆ ಅಜ್ಜ ಆಸ್ಪತ್ರೆಯಲ್ಲಿ ಆಯಿಯ ಕೈ ಹಿಡಿದು ಕೇಳಿಕೊಂಡದ್ದು ಒಂದೇ ಮಾತು, ಹುಡುಗನಿಗೆ ಹೇಳಬೇಡ.

"ಕುಡದಿದ್ದ ಅಂದ್ರ ಒಬ್ಬಂವ ಕೆಟ್ಟಂವ ಆಕ್ಕಾನ. ಎಣ್ಣಿ ಒಯ್ದಾನ ಅಂದ್ರ ಇಡೀ ಮನೀನ ಕಳ್ಳರ ಮನಿ ಆಕ್ಕೈತಿ. ನೀ ನೌಕರಿಗಿ ಹೋಗಾಂವ ಇದ್ದಿ. ಅದಕ್ಕ ಮಂದಿ ಏನಂದ್ರೂ ಅನ್ಲಿ ಅಂತ ಬಿಟ್ಟ."

ಅಪ್ಪ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟ. ಹೊಸ್ತಿಲ ಮೇಲೆ ಕೂರಬಾರದೆಂದು ಯಾರೂ ಅವನಿಗೆ ಹೇಳಲಿಲ್ಲ. ನನಗೆ ಮೊದಲು ಅನಿಸಿದ್ದು ಸಂತೋಷ, ಅಜ್ಜ ಕುಡಿದಿರಲಿಲ್ಲ ಎಂಬ ಬರೀ ಸಂತೋಷ. ಓಡಿಹೋಗಿ ಅವನ ಕುತ್ತಿಗೆಗೆ ಜೋತುಬೀಳಬೇಕೆನಿಸಿತು. ಆದರೆ ಅಪ್ಪನ ಮುಖ ನೋಡಿ ಏಳಲಾಗಲಿಲ್ಲ. ಅವನು ಮಾಸ್ತರನಾದದ್ದು, ತಿಕೋಟಾಕ್ಕೆ ಬಸ್ಸು ಹತ್ತಿ ಹೋಗುವುದು, ನನಗೆ ಬಲ್ಬು ಹೇಗೆ ಉರಿಯುತ್ತದೆಂದು ಕಲಿಸಿದ್ದು, ಎಲ್ಲಕ್ಕೂ ಹಿಂದೆ ಆ ಎಣ್ಣೆ ಇತ್ತು. ಅವನು ಅದನ್ನೇ ಯೋಚಿಸುತ್ತಿದ್ದಿರಬೇಕು. ಕೊನೆಗೆ, ಬರುವುದು ಬೇಡವೆಂದು ಬಬಲೇಶ್ವರಕ್ಕೆ ಈಗ ಹೇಳಿಕಳಿಸಿದರೆ ಮುಟ್ಟುತ್ತದೆಯೇ ಎಂದು ನನ್ನನ್ನು ಕೇಳಿದ. ಮುಟ್ಟುವ ಹಾಗಿರಲಿಲ್ಲ. ಹಬ್ಬದ ರಜೆ ಬಿದ್ದಿತ್ತು, ಆ ಮಾಸ್ತರರು ಎಲ್ಲಿ ಸಿಗಬೇಕು? ಅಪ್ಪ ಎದ್ದು ಪಡಸಾಲೆಗೆ ಹೋಗಿ ಕೊನೆಯ ಪಾಯಿಂಟಿನ ದೀಪದ ತಂತಿಯನ್ನು ತಾನೇ ಬಿಚ್ಚಿದ. ಆ ದಿನ ಒಂದು ಕಂಬವೂ ಬೀಳಲಿಲ್ಲ.

ಗಣಪತಿ ಬಂದ. ಓಣಿಯವರು ಗುಂಪುಗುಂಪಾಗಿ ಬಂದರು. ಮೊದಲು ಕತ್ತಲೆಗೆ ಬೈದರು. ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ನಿಂತು ಕಣ್ಣು ಹೊಂದಿದ ಮೇಲೆ ಒಬ್ಬೊಬ್ಬರೇ ಸುಮ್ಮನಾದರು. ಸಿಗ್ನಲ್ಲಿನ ಕೆಂಪು, ಪ್ಲಾಟ್‌ಫಾರ್ಮಿನ ಕಂದೀಲಿನ ಅರಿಶಿನ ಬಣ್ಣ, ಸ್ಟೇಷನ್ ಮಾಸ್ತರರ ಕಿಟಕಿಯಲ್ಲಿ ಒಂದು ಚೂರು ಬೆಳಕು, ನಡುವೆಲ್ಲ ಕಪ್ಪು. ನಾವು ಹೀಗೇ ಗಾಡಿ ಇಳಿದು ಬರುತ್ತಿದ್ದೆವು ಎಂದು ಮುದುಕಿಯರು ಕಣ್ಣೊರೆಸಿಕೊಂಡರು. ಅವ್ವ ಆ ಮಾತು ಕೇಳಿ ಅಪ್ಪನೊಂದಿಗೆ ನೇರವಾಗಿ ಮಾತಾಡಿದಳು, ಚಹಾ ಬೇಕೇ ಎಂದು. ಆದರೆ ಅಪ್ಪ ನಿಂತಲ್ಲಿ ನಿಲ್ಲಲಿಲ್ಲ. ಹೊರಗೆ ಬಸ್ಸಿನ ಹಾರ್ನ್ ಕೇಳಿದರೆ ಸಾಕು, ಬಾಗಿಲಿಗೆ ಹೋಗಿ ಬರುತ್ತಿದ್ದ. ನಾನೂ ಅವನ ಹಿಂದೆ ಹೋಗಿ ಬರುತ್ತಿದ್ದೆ. ಅಜ್ಜನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಕೊನೆಯ ಪಾಯಿಂಟು ಕತ್ತಲಾಗಿರುವುದನ್ನು ನೋಡಿ ಅವನು ಒಳಗೆ ಬಂದು ತನ್ನ ಹಗ್ಗದ ಹೊರಸಿನ ಮೇಲೆ ಕೂತ. ಮಗ ತನ್ನ ಮಾತಿಗೆ ಬೆಲೆ ಕೊಟ್ಟ ಎಂದಷ್ಟೇ ಅವನು ತಿಳಿದ. ಅದಕ್ಕೇ ಅವನು ಎಷ್ಟು ಖುಷಿಯಾಗಿದ್ದನೆಂದರೆ, ಬಂದವರಿಗೆಲ್ಲ ಯಾವ ಸಿಗ್ನಲ್ಲು ಯಾವ ಗಾಡಿಗೆ ಎಂದು ಗೋಲಿನಿಂದ ತೋರಿಸುತ್ತಿದ್ದ.

ಕೊನೆಯ ಸಂಜೆ, ಆರತಿಯ ಹೊತ್ತಿಗೆ ಸರಿಯಾಗಿ, ಲಗಮಣ್ಣ ಬಂದ. ಉದ್ದನೆಯ, ಬಾಗಿದ ಮನುಷ್ಯ. ತಲೆಗೆ ಬಿಳಿ ಪಟಕ ಸುತ್ತಿದ್ದ. ಯಾರನ್ನೂ ನೋಡದೆ ನೇರವಾಗಿ ಸ್ಟೇಷನ್ನಿನ ಮೇಲೆ ಬಾಗಿದ. ಅಜ್ಜನ ಗೋಲು ನಿಂತಿತು. ಪಡಸಾಲೆಯ ತುಂಬ ಜನ. ಅದೇ ಗಳಿಗೆಗೆ ಶಾಂತಾಬಾಯಿ ಬೆರಳು ಮಾಡಿ, ಅಲ್ಲೊಂದು ದೀಪ ಹತ್ತಿಲ್ಲವಲ್ಲ ಮಾಸ್ತರರೇ, ಬಲ್ಬು ಹೋಗಿದೆಯೇ ಎಂದು ಕೇಳಿದಳು. ಅಪ್ಪ ಒಮ್ಮೆ ಲಗಮಣ್ಣನನ್ನು ನೋಡಿದ. ಸಿಗ್ನಲ್ಲಿನ ಕೆಂಪು ಒಂದು ಎಳೆ ಹೆಚ್ಚಾಯಿತೆಂದು ಮೂರು ಸಲ ಬಿಚ್ಚಿಸಿ ಹಾಕಿಸಿದ್ದ ಮನುಷ್ಯ ನಮ್ಮ ಅಪ್ಪ.

"ಬಲ್ಬ್ ಬರೋಬ್ಬರಿ ಐತ್ರಿ. ಅವತ್ತ ಅದು ಗಾಳಿಗೆ ಆರಿತ್ತು."

  ಅಜ್ಜ ಮಗನ ಮುಖವನ್ನು ನೋಡಿದ, ಆಮೇಲೆ ಆಯಿಯ ಮುಖವನ್ನು ನೋಡಿದ. ಆಯಿ ಕಣ್ಣು ತಪ್ಪಿಸಿದಳು. ಮಗನಿಗೆ ಎಲ್ಲ ಗೊತ್ತಾಗಿದೆ ಎಂದು ತಿಳಿಯಲು ಅಷ್ಟು ಸಾಕಾಯಿತು ಅವನಿಗೆ. ಗೋಲು ಹಿಡಿದು, ಯಾರ ಕೈಯನ್ನೂ ಕೇಳದೆ, ಹೊರಸಿನಿಂದ ಎದ್ದು ನಿಂತ.

"ಗಾಳಿ ಅಲ್ಲವ್ವಾ, ಶಾಂತಾ. ನನ ಮಗ ನನ ಸಲುವಾಗಿ ಸುಳ್ಳ ಹೇಳಾಕತ್ತಾನ. ಅದರಾಗ ಎಣ್ಣಿ ಇದ್ದಿಲ್ಲ. ಎಣ್ಣಿ ನಾ ಮನಿಗೆ ಒಯ್ತಿದ್ದೆ."

 ಆರತಿಯ ತಾಟು ಹಿಡಿದ ಅವ್ವ ನಿಂತಲ್ಲೇ ನಿಂತಳು. ಅಪ್ಪ ತಲೆ ಕೆಳಗೆ ಹಾಕಿದ್ದ. ಲಗಮಣ್ಣ ಬಾಗಿದವನು ಬಾಗಿದ ಹಾಗೇ, ಪ್ಲಾಟ್‌ಫಾರ್ಮಿನ ಈ ಬದಿಗೆ ಉರಿಯುತ್ತಿದ್ದ ಇನ್ನೊಂದು ಡಬ್ಬಿದೀಪದ ಮೇಲೆ ಬೆರಳಿಟ್ಟ.

"ಇದೂ ಹತ್ತತಿದ್ದಿಲ್ಲ, ಮಾಸ್ತರ. ತಗೀರಿ. ಇದರ ಎಣ್ಣಿ ನಮ್ಮ ಮನ್ಯಾಗ ಉರೀತಿತ್ತು."

ಅಜ್ಜ ಅವನ ಕಡೆ ತಿರುಗಿದ. ಅಷ್ಟು ವರ್ಷಗಳಲ್ಲಿ ಅವನೊಂದಿಗೆ ಆಡಿದ ಮೊದಲ ಮಾತು ಇದು:

"ಮತ್ತ ಇದನ್ನ ಅವಾಗ ಹೇಳಾಕ ಏನಾಗಿತ್ತಲೇ ನಿನಗ? ಊರ ಮಂದಿ ನನಗ ಕುಡುಕ ಅಂದಾಗ?"

"ನೀ ಬಾಯಿ ಬಿಟ್ರ ನಾನೂ ಬಿಡೂನು ಅಂತ ಕುಂತಿದ್ದೆ," ಎಂದ ಲಗಮಣ್ಣ. "ನೀ ಬಿಡಲಿಲ್ಲ."

ಅಜ್ಜ ಅವನಿಗೆ ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಮೆಲ್ಲಗೆ ಹೊರಸಿನ ಮೇಲೆ ಕೂತು, ಪಕ್ಕಕ್ಕೆ ಸರಿದು ಜಾಗ ಮಾಡಿದ. ಲಗಮಣ್ಣ ಹೋಗಿ ಕೂತ. ಇಬ್ಬರೂ ಮುದುಕರು ಸ್ಟೇಷನ್ನಿನ ಕಡೆ ನೋಡುತ್ತ ಕೂತರು, ಅಜ್ಜನ ಕಣ್ಣಿಂದ ನೀರು ಇಳಿಯುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ. ಮಂದಿಯೆಲ್ಲ ಅವರನ್ನು ನೋಡಿ ಕರಗಿದರು. ನಾನು ಕರಗಲಿಲ್ಲ. ನೀನು ಮೊದಲು ಹೇಳು ಎಂದು ಒಬ್ಬರ ಬಾಯಿ ಒಬ್ಬರು ಕಾಯುತ್ತ ಇಡೀ ಆಯುಷ್ಯ ಕಳೆದ ಆ ಇಬ್ಬರ ಮೇಲೂ ನನಗೆ ತಡೆಯಲಾರದಷ್ಟು ಸಿಟ್ಟು ಬಂದಿತ್ತು. ಇಬ್ಬರೂ ಈಗ ಇಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.